ಬಿಸಿಲುನಾಡಿನ ದಿನಚರಿ

(ವಿದ್ಯಾರ್ಥಿ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಆಳಂದ, ಅಫಜಲಪುರ, ಜೇವರ್ಗಿ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಓದುವವರ ಮತ್ತು ದುಡಿಯುವವರ ಆರೋಗ್ಯಕರ ದಿನಚರಿಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಬಯಲಿನವನು ಕಾಡಿನವರಿಗೆ ಹೇಳುವುದೇನಿದೆ ಎಂದು ಹಿಂಜರಿದೆ. ಆದರೆ ನಮ್ಮ ನಂಟು ಹಳೆಯದು. ಅಫಜಲಪುರ, ಜೇವರ್ಗಿಗಳ ಭೀಮಾ ನದಿ ಹುಟ್ಟುವುದು ಇದೇ ಸಹ್ಯಾದ್ರಿಯಲ್ಲಿ, ಮಹಾರಾಷ್ಟ್ರದ ಭೀಮಾಶಂಕರದಲ್ಲಿ.

ನಮ್ಮ ಕಡೆ ಕುಡಿಯುವ ನೀರನ್ನು ಹರವಿಯಲ್ಲಿ, ಎಂದರೆ ಮಣ್ಣಿನ ಕೊಡದಲ್ಲಿ ಇಡುತ್ತಾರೆ. ಮಣ್ಣಿನ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ನೀರು ತಂಪು. ನಿಮ್ಮ ಆಷಾಢದ ಗಾಳಿಯಲ್ಲಿ ಈ ಉಪಾಯ ನಡೆಯದು. ಮನುಷ್ಯನ ದೇಹವೂ ಇಂಥದೇ ಹರವಿ. ಬೆವರು ಆರಿದಾಗ ಮೈ ತಣಿಯುತ್ತದೆ. ಒಣಹವೆಯಲ್ಲಿ ಅದು ಹೊರಟ ಕ್ಷಣವೇ ಆರುವುದರಿಂದ ದೇಹದ ನೀರು ಎಷ್ಟು ಹೋಯಿತೆಂಬುದು ತಿಳಿಯುವುದೇ ಇಲ್ಲ. ಬಾಯಾರುವವರೆಗೆ ಕಾಯಬಾರದು ಎನ್ನುವುದು ಇದಕ್ಕಾಗಿ. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲದು ಎಂದೇ ತಿಳಿಯಬೇಕು. ಈ ಪರೀಕ್ಷೆಗೆ ಖರ್ಚಿಲ್ಲ.

ನಮ್ಮ ಒಕ್ಕಲುತನದ ದಿನಚರಿಯೇ ಬಿಸಿಲಿಗೆ ಹೊಂದಿಕೊಂಡಿತ್ತು. ನಸುಕಿನಲ್ಲಿ ಹೊಲ, ಜೋಳದ ರೊಟ್ಟಿ, ಪುಂಡಿಪಲ್ಯ, ಉಪ್ಪು ಬೆರೆತ ಮಜ್ಜಿಗೆ, ಸೂರ್ಯ ನೆತ್ತಿಗೆ ಬಂದಾಗ ಬೇವಿನ ನೆರಳು. ಇದನ್ನು ಸೋಮಾರಿತನವೆಂದು ಕರೆದ ನೌಕರರನ್ನು ಕಂಡಿದ್ದೇನೆ. ಆದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಆದೇಶಗಳು ಹೊರಡುತ್ತ ಬಂದಿವೆ. ಸರ್ಕಾರವೂ ಒಕ್ಕಲಿಗನ ಗಡಿಯಾರವನ್ನೇ ನೋಡಿತು ಎನ್ನೋಣ. ಜಲ್ಲಿ ಹೊರುವವಳಿಗೂ ಅಂಗಡಿಯ ಹುಡುಗನಿಗೂ ಆ ಆದೇಶ ಅನ್ವಯಿಸುವುದಿಲ್ಲ.

ಇನ್ನು ಶಾಲೆಯ ಮಾತು. 2019ರಲ್ಲಿ ಕೇರಳದ ಮಾದರಿಯನ್ನು ಅನುಸರಿಸಿ, ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ಗಂಟೆ ಬಾರಿಸಬೇಕೆಂದು ಕರ್ನಾಟಕದ ಶಾಲೆಗಳಿಗೂ ಸೂಚನೆ ಬಂತು. ಒಳ್ಳೆಯ ಕ್ರಮವೇ ಸರಿ. ಆದರೆ ಗಂಟೆ ಬಾರಿಸಿದರೂ ನೀರು ಮುಟ್ಟದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಮರೆವೇನೂ ಇಲ್ಲ. ಶೌಚಾಲಯಕ್ಕೆ ಬಾಗಿಲಿಲ್ಲ, ಬಾಗಿಲಿದ್ದರೆ ಒಳಗೆ ನೀರಿಲ್ಲ. ಸಂಜೆ ಮನೆ ಸೇರುವವರೆಗೆ ಬಾಯಾರಿಕೆಯನ್ನು ತಡೆಹಿಡಿಯುವುದನ್ನೇ ಅವರು ರೂಢಿಸಿಕೊಂಡಿದ್ದಾರೆ. ತಲೆನೋವು, ಮಂಪರು, ಉರಿಮೂತ್ರ ಇವೆಲ್ಲ ಈ ರೂಢಿಯ ಫಲಗಳು. ಇಂಥ ಮಗುವಿಗೆ ದಿನಕ್ಕೆ ಇಷ್ಟು ಲೋಟ ನೀರು ಕುಡಿ ಎಂದು ಉಪದೇಶಿಸಲು ನನಗೆ ಸಂಕೋಚವಾಗುತ್ತದೆ. ಬೇಸಿಗೆಯಲ್ಲಿ ಭೀಮೆ ಬತ್ತಿ ಕೊಳವೆಬಾವಿಯೂ ಕೈಕೊಟ್ಟರೆ ಮೊದಲು ನೀರು ನಿಲ್ಲುವುದು ಆ ಶೌಚಾಲಯಕ್ಕೇ.

ಹೊಳೆಹಳ್ಳಗಳ ಈ ಸೀಮೆಯಲ್ಲಿ ಹಾಗಿರಲಾರದು ಎಂದು ನಂಬಿ ಬಂದಿದ್ದೇನೆ. ನಿಮ್ಮ ಶಾಲೆಗಳಲ್ಲಿ ಹೇಗಿದೆ ಎಂಬುದನ್ನು ಈಗ ಚರ್ಚೆಯ ವೇಳೆಯಲ್ಲಿ ಇಲ್ಲಿ ಕುಳಿತಿರುವ ಹುಡುಗಿಯರೇ ಮೊದಲು ಹೇಳಲಿ. ಹಿರಿಯರು ಆಮೇಲೆ ಮಾತನಾಡಬಹುದು.