ಕೈ ಬದಲಾದ ಬಿಲ್ಲು

ಬಿಲ್ಲು ಎಂದೊಡನೆ ಇಂದು ನಮ್ಮ ಜನಕ್ಕೆ ನೆನಪಾಗುವುದು ವಿದ್ಯುಚ್ಛಕ್ತಿಯ ಬಿಲ್ಲು, ನೀರಿನ ಬಿಲ್ಲು, ಔಷಧದ ಅಂಗಡಿಯ ಬಿಲ್ಲು. ನಾನು ಹೇಳಹೊರಟಿರುವುದು ಅವುಗಳ ವಿಷಯವಲ್ಲ. ಹೆದೆಯೇರಿಸಿ ಅಂಬು ಹೂಡುವ ಬಿಲ್ಲಿನ ವಿಷಯ. ಅದರಲ್ಲಿಯೂ ಹೊಸ ಬಿಲ್ಲಲ್ಲ. ಒಬ್ಬರು ಬಳಸಿ ಸಾಕೆಂದು ಮಾರುವ, ಇನ್ನೊಬ್ಬರು ಬೇಕೆಂದು ಕೊಳ್ಳುವ ಹಳೆಯ ಬಿಲ್ಲು. ಮೂವತ್ತು ವರ್ಷಗಳಿಗೂ ಮಿಕ್ಕು ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಹೇಳಿಕೊಟ್ಟು, ಈಗ ಬಿಳಿಗೆರೆಯ ಮನೆಯ ಜಗಲಿಯಲ್ಲಿ ಕುಳಿತಿರುವ ನನ್ನಂಥವನು ಈ ವ್ಯಾಪಾರಕ್ಕೆ ಇಳಿದದ್ದು ಹೇಗೆಂಬುದನ್ನು ಮೊದಲು ಹೇಳಬೇಕು.

ಮೈಸೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಬಿಲ್ಲುವಿದ್ಯೆಯ ಹುಚ್ಚು ಹಿಡಿಯಿತು. ಒಲಿಂಪಿಕ್ಸಿನಲ್ಲಿ 70 ಮೀಟರ್ ದೂರದ ಗುರಿಗೆ ಹೊಡೆಯುವ, ಲೋಹದ ಹಿಡಿಯುಳ್ಳ ಬಿಲ್ಲುಗಳ ಬೆಲೆ ನಮ್ಮಂಥವರು ಕೇಳುವ ಹಾಗಿಲ್ಲ. ಪುಣ್ಯಕ್ಕೆ ನಮ್ಮ ದೇಶದಲ್ಲಿ 'ಇಂಡಿಯನ್ ರೌಂಡ್' ಎಂಬ ಒಂದು ವಿಭಾಗವಿದೆ. ಅದರಲ್ಲಿ ಮರ ಮತ್ತು ಬಿದಿರಿನ ಬಿಲ್ಲಿನಿಂದಲೇ 30 ಮತ್ತು 50 ಮೀಟರ್ ದೂರಕ್ಕೆ ಹೊಡೆಯುತ್ತಾರೆ. ಜಗತ್ತಿನಲ್ಲೆಲ್ಲ ಹೆಸರಾದ ರಾಂಚಿಯ ಕಡೆಯ ದೀಪಿಕಾ ಕುಮಾರಿಯೂ ಬಿದಿರಿನ ಬಿಲ್ಲಿನಿಂದಲೇ ಆರಂಭಿಸಿದವರೆಂದು ಮೊಮ್ಮಗಳು ನನಗೆ ಪಾಠ ಹೇಳಿದಳು. "ತಾತ, ಹಳೆಯದಾದರೂ ಸರಿ, ಫೋನಿನಲ್ಲಿ ನೋಡಿದರೆ ಸಿಗುತ್ತದೆ" ಎಂದಳು. ಪಿಂಚಣಿದಾರನಿಗೆ 'ಹಳೆಯದಾದರೂ ಸರಿ' ಎಂಬ ಮಾತಿಗಿಂತ ಪ್ರಿಯವಾದ ಮಾತು ಉಂಟೆ?

ಹಿಂದೆ ಪತ್ರಿಕೆಯ ಒಳಪುಟದಲ್ಲಿ ಬರುತ್ತಿದ್ದ ವರ್ಗೀಕೃತ ಜಾಹೀರಾತುಗಳು ಈಗ ಅಂಗೈಯ ಫೋನಿಗೆ ಬಂದು ಕುಳಿತಿವೆ. ಹಳೆಯ ಮಂಚ, ಹಳೆಯ ಸ್ಕೂಟರು, ಕರು ಹಾಕಿದ ಎಮ್ಮೆ, ಎಲ್ಲವೂ ಅಲ್ಲಿವೆ. ನಾನು ಕನ್ನಡದಲ್ಲಿ 'ಬಿಲ್ಲು' ಎಂದು ಬರೆದು ಹುಡುಕಿದೆ. ಬಿಲ್ಲು ಪುಸ್ತಕಗಳು, ಬಿಲ್ಲು ಮುದ್ರಿಸುವ ಯಂತ್ರಗಳು ಸಾಲಾಗಿ ಬಂದವು. 'ಬಿಲ್ಲು ಬಾಣ' ಎಂದು ತಿದ್ದಿದ ಮೇಲೆ ಪ್ಲಾಸ್ಟಿಕ್ಕಿನ ಆಟಿಕೆಗಳು ಬಂದವು. ಅವುಗಳ ನಡುವೆ ರಾಜರ ಕಾಲದ್ದೆಂದು ಹೇಳಿಕೊಳ್ಳುವ ಒಂದೆರಡು ಬಿಲ್ಲುಗಳೂ ಇದ್ದವು. ಇವುಗಳ ಬಗ್ಗೆ ಒಂದು ಎಚ್ಚರಿಕೆ: ನೂರು ವರ್ಷ ದಾಟಿದ ಇಂಥ ವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ನಿಜವಾಗಿ ಹಳೆಯದಾದರೆ ಕಾನೂನಿನ ತೊಡಕು, ಹಳೆಯದಲ್ಲದಿದ್ದರೆ ಮೋಸ. ಎರಡೂ ನಮಗೆ ಬೇಡವೆಂದು ಮುಂದೆ ಸರಿದೆ.

ಕಡೆಗೆ ಬೆಂಗಳೂರಿನ ಒಬ್ಬರದು ಕಣ್ಣಿಗೆ ಬಿತ್ತು. ನಡುವೆ ಮರದ ಹಿಡಿ, ಎರಡು ಕಡೆ ಬಿದಿರಿನ ತೋಳು. 'ಬಹಳ ಕಡಮೆ ಬಳಸಿದ್ದು' ಎಂಬ ಒಕ್ಕಣೆ. ಹಣ ಕಳುಹಿಸಿದೆ, ಪಾರ್ಸೆಲು ಬಂತು. ಮೊಮ್ಮಗಳ ತರಬೇತುದಾರರು ಅದಕ್ಕೆ ಹೆದೆ ಕಟ್ಟಿ, ಒಂದು ಕೊಪ್ಪಿನ ಕಡೆಯಿಂದ ಕಣ್ಣು ಕಿರಿದು ಮಾಡಿ ನೋಡಿದರು. ಹೆದೆ ಹಿಡಿಯ ನಟ್ಟನಡುವೆ ಹಾಯುವುದಕ್ಕೆ ಬದಲು ಪಕ್ಕಕ್ಕೆ ವಾಲಿತ್ತು. "ತೋಳು ತಿರುಚಿಕೊಂಡಿದೆ. ಹೆದೆ ಇಳಿಸದೆ ತಿಂಗಳುಗಟ್ಟಲೆ ಗೋಡೆಗೆ ಒರಗಿಸಿಟ್ಟಿದ್ದಾರೆ" ಎಂದರು. ಮಾರಿದವರಿಗೆ ಫೋನು ಮಾಡಿದೆ. ಅದು ಅಂದಿನಿಂದ ಇಂದಿನವರೆಗೂ ನಿದ್ರಿಸುತ್ತಿದೆ. ಆ ಬಿಲ್ಲಿಗೆ ಬಿಲ್ಲೂ ಇರಲಿಲ್ಲವಾದ್ದರಿಂದ ಯಾರಲ್ಲಿ ದೂರುವುದು?

ಬಿಲ್ಲಿಗೆ ನೆನಪಿದೆ ಎಂಬುದು ನನಗೆ ಅಂದು ತಿಳಿಯಿತು. ಮಂಚವನ್ನು ಯಾರು ಹೇಗೆ ಬಳಸಿದರೂ ಕಾಲು ಗಟ್ಟಿಯಾಗಿದ್ದರೆ ಸಾಕು. ಬಿಲ್ಲು ಹಾಗಲ್ಲ. ಅದು ಬಾಗುತ್ತಲೂ ಮರಳುತ್ತಲೂ ಬದುಕುವ ವಸ್ತು. ಸದಾ ಹೆದೆಯೇರಿಸಿಟ್ಟರೆ ಮರಳುವುದನ್ನು ಮರೆಯುತ್ತದೆ. ಬಿಸಿಲಿಗೆ ಒಣಗಿದರೆ ಬಿರಿಯುತ್ತದೆ, ಮೂಲೆಯಲ್ಲಿ ಬಿದ್ದಿದ್ದರೆ ಕುಟ್ಟೆ ಹಿಡಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಅಂಬು ಹೂಡದೆ ಬರಿಯ ಹೆದೆಯನ್ನು ಸೆಳೆದು ಬಿಡುವುದು. ಅಂಬಿನೊಡನೆ ಹೊರಗೆ ಹೋಗಬೇಕಾದ ಶಕ್ತಿಯೆಲ್ಲ ಆಗ ಬಿಲ್ಲಿನ ತೋಳುಗಳಿಗೇ ಬಡಿಯುತ್ತದೆ. ಇನ್ನು ಅದರ ಬಿರುಸನ್ನು ಪೌಂಡುಗಳ ಲೆಕ್ಕದಲ್ಲಿ ಹೇಳುತ್ತಾರೆ. ಆ ಲೆಕ್ಕ ಸಾಮಾನ್ಯವಾಗಿ 28 ಅಂಗುಲ ಸೆಳೆದಾಗಿನದು. ಮಗುವಿನ ಕೈ ಅಷ್ಟು ಉದ್ದವಿಲ್ಲದಿದ್ದರೆ ಸಿಗುವ ಬಿರುಸೂ ಕಡಮೆ. ಕೊಳ್ಳುವವನು ಕೇಳಬೇಕಾದದ್ದು ಬೆಲೆಯಷ್ಟೇ ಅಲ್ಲ: ಯಾರು ಬಳಸಿದರು, ಎಷ್ಟು ಕಾಲ, ಹೆದೆ ಇಳಿಸುತ್ತಿದ್ದರೊ ಇಲ್ಲವೊ?

ಇದನ್ನು ತಿಳಿಯಲು ನಾನು ಹಣ ಕಳೆದುಕೊಳ್ಳಬೇಕಾಗಿರಲಿಲ್ಲ. ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದ ಮಹಾಭಾರತದಲ್ಲಿಯೇ ಎಲ್ಲವೂ ಇತ್ತು. ಪಾಂಡವರು ಅಜ್ಞಾತವಾಸಕ್ಕೆ ಹೋಗುವ ಮುನ್ನ ಬನ್ನಿಯ ಮರದಲ್ಲಿ ಆಯುಧಗಳನ್ನು ಇಟ್ಟ ಕಥೆ ನಮ್ಮ ಸೀಮೆಯಲ್ಲಿ ಯಾರಿಗೆ ತಿಳಿಯದು? ವಿಜಯದಶಮಿಯ ಮೆರವಣಿಗೆ ಬನ್ನಿಮಂಟಪಕ್ಕೆ ಹೋಗುವುದೂ ಆ ನೆನಪಿಗಾಗಿಯೇ. ಆದರೆ ವ್ಯಾಸರು ಅಲ್ಲಿ ಒಂದು ಸಣ್ಣ ವಿವರವನ್ನು ಮರೆಯದೆ ಸೇರಿಸಿದ್ದಾರೆ: ಮರಕ್ಕೆ ಏರಿಸುವ ಮೊದಲು ಒಬ್ಬೊಬ್ಬರೂ ತಮ್ಮ ತಮ್ಮ ಬಿಲ್ಲಿನ ಹೆದೆಯನ್ನು ಇಳಿಸಿದರು. ಒಂದು ವರ್ಷ ಮುಟ್ಟದೆ ಇಡುವ ಬಿಲ್ಲನ್ನು ಹೇಗೆ ಇಡಬೇಕೆಂಬುದು ಆ ಕ್ಷತ್ರಿಯರಿಗೆ ಗೊತ್ತಿತ್ತು. (ತಿರುಮಕೂಡಲು ನರಸೀಪುರದ ಕಡೆ ಸೋಮನಾಥಪುರದಲ್ಲಿ 1268ರ ಕೇಶವ ದೇವಾಲಯದ ಹೊರಗೋಡೆಯಲ್ಲಿ ಬಿಲ್ಲು ಹಿಡಿದ ವೀರರ ಸಾಲೇ ಇದೆ. ಅವರಿಗೆ ಮಾತ್ರ ಈ ತೊಂದರೆಯಿಲ್ಲ; ಕಲ್ಲಿನ ಬಿಲ್ಲಿನ ಹೆದೆಯನ್ನು ಯಾರೂ ಇಳಿಸಬೇಕಾಗಿಲ್ಲ.)

ಇನ್ನೂ ಸ್ವಾರಸ್ಯವಾದದ್ದು ಮುಂದೆ ಬರುತ್ತದೆ. ಮರ ಹತ್ತಿದ ಉತ್ತರಕುಮಾರ ಒಂದು ದೊಡ್ಡ ಬಿಲ್ಲನ್ನು ಕಂಡು ಇದು ಯಾರದೆಂದು ಕೇಳಿದಾಗ ಬೃಹನ್ನಳೆ ಕೊಡುವ ಉತ್ತರವನ್ನು ನೋಡಿ. ಇದನ್ನು ಬ್ರಹ್ಮ 1000 ವರ್ಷ ಹಿಡಿದಿದ್ದ. ಆಮೇಲೆ ಪ್ರಜಾಪತಿ, ಆಮೇಲೆ ಇಂದ್ರ. ಅವರ ತರುವಾಯ ಸೋಮ 500 ವರ್ಷ, ವರುಣ 100 ವರ್ಷ, ಅರ್ಜುನ 65 ವರ್ಷ. ಅಂದರೆ ಗಾಂಡೀವ ಐದು ಕೈ ದಾಟಿ ಆರನೆಯವನಿಗೆ ಬಂದ ಬಿಲ್ಲು! ಅದು ಹಳೆಯದೆಂಬ ಸಂಕೋಚ ಅರ್ಜುನನಿಗೆ ಎಳ್ಳಷ್ಟೂ ಇಲ್ಲ. ಯಾರು ಯಾರು ಎಷ್ಟೆಷ್ಟು ಕಾಲ ಹಿಡಿದರೆಂಬ ಲೆಕ್ಕವೇ ಅದರ ಹಿರಿಮೆ. ಕಡೆಯಲ್ಲಿಯೂ ಅದನ್ನು ಮನೆಯ ಗೋಡೆಗೆ ತೂಗುಹಾಕಲಿಲ್ಲ. ಮಹಾಪ್ರಸ್ಥಾನದ ದಾರಿಯಲ್ಲಿ ಅಗ್ನಿ ಎದುರಿಗೆ ಬಂದು, ಇದು ವರುಣನದು, ಹಿಂದಕ್ಕೆ ಕೊಡು ಎಂದಾಗ ಅರ್ಜುನ ಅದನ್ನು ಕಡಲಿಗೆ ಎಸೆದ.

ಈ ಜ್ಞಾನೋದಯವಾದ ಮೇಲೆ ಎರಡನೆಯ ಬಿಲ್ಲನ್ನು ತರಬೇತುದಾರರ ಮೂಲಕವೇ ಕೊಂಡೆವು. ಕೊಟ್ಟವಳು ಕಾಲೇಜು ಸೇರಿದ್ದ ಒಬ್ಬ ಹುಡುಗಿ. ತಾನು ಮೂರು ವರ್ಷ ಬಳಸಿದ್ದು, ಹೆದೆಯನ್ನು ಎರಡು ಸಲ ಬದಲಾಯಿಸಿದ್ದು, ಒಮ್ಮೆ ಮಳೆಯಲ್ಲಿ ನೆನೆದು ನೆರಳಿನಲ್ಲಿ ಒಣಗಿಸಿದ್ದು, ಎಲ್ಲವನ್ನೂ ಬೃಹನ್ನಳೆಯಂತೆಯೇ ಹೇಳಿ ಕೊಟ್ಟಳು. ನನ್ನ ಮೊಮ್ಮಗಳು ಅದರಲ್ಲಿ ಎರಡು ವರ್ಷ ಕಲಿತಳು. ಆಮೇಲೆ ಅವಳು ಎತ್ತರವಾದಳು, ಕೈ ಉದ್ದವಾಯಿತು, ಅವಳ ತಂದೆ ಸಾಲ ಮಾಡಿ ಲೋಹದ ಬಿಲ್ಲು ಕೊಡಿಸಿದ. ಬಿದಿರಿನದು ಬಿಳಿಗೆರೆಗೆ ಬಂದು ನನ್ನ ಕೋಣೆಯನ್ನು ಸೇರಿತು.

ಯುಗಾದಿಗೆ ನೆಂಟರ ಮಕ್ಕಳು ಬಂದಿದ್ದರು. ಊಟವಾಗಿ ನಾನು ಒರಗಿದ್ದಾಗ ಹಿತ್ತಿಲಿನಿಂದ 'ಟಪ್' ಎಂಬ ಶಬ್ದ, ಹಿಂದೆಯೇ ನಗು, ಮತ್ತೆ 'ಟಪ್'. ಎದ್ದು ಹೋಗುವಷ್ಟರಲ್ಲಿ ಹತ್ತು ಹನ್ನೆರಡು ಸಲ ಬರಿಯ ಹೆದೆಯನ್ನು ಎಳೆದು ಬಿಟ್ಟಿದ್ದರು. ಹಬ್ಬದ ದಿನ ಮಕ್ಕಳನ್ನು ಗದರಿಸಲು ಮನಸ್ಸಾಗಲಿಲ್ಲ. ಮರುದಿನ ಬೆಳಕಿಗೆ ಹಿಡಿದು ನೋಡಿದೆ. ಕೆಳಗಿನ ತೋಳಿನಲ್ಲಿ, ಗೆಣ್ಣಿನ ಪಕ್ಕಕ್ಕೆ, ಕೂದಲೆಳೆಯಂಥ ಒಂದು ಗೀರು. ಮೇಲಿನ ಬಣ್ಣ ಬಿಟ್ಟಿರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಜೂನ್ ತಿಂಗಳಲ್ಲಿ ಅದನ್ನು ಮಾರಲು ಕುಳಿತೆ. ಫೋನಿನಿಂದ ನಾಲ್ಕು ಚಿತ್ರಗಳನ್ನು ತೆಗೆದೆ. ನಾಲ್ಕರಲ್ಲಿಯೂ ಬಿಲ್ಲಿನ ಒಂದೇ ಮಗ್ಗುಲು ಕಾಣುತ್ತಿತ್ತು. ಹಾಗೆ ಬೇಕೆಂದೇ ತೆಗೆದೆನೆ ಎಂದು ಕೇಳಿದರೆ ಆಗ ಇಲ್ಲವೆನ್ನುತ್ತಿದ್ದೆ. 'ಉತ್ತಮ ಸ್ಥಿತಿ' ಎಂದು ಬರೆದೆ. ಸ್ಥಳದ ಹೆಸರನ್ನು ಫೋನು ತಾನೇ ತಿದ್ದಿ 'ಬಿಲ್ಲಿಗೆರೆ' ಮಾಡಿತು. ಸಂದರ್ಭಕ್ಕೆ ಸೊಗಸಾಗಿದೆಯೆಂದು ಹಾಗೆಯೇ ಬಿಟ್ಟೆ.

ಮೊದಲು ಫೋನು ಮಾಡಿದವನು ತಾನು ಸೈನ್ಯದಲ್ಲಿರುವುದಾಗಿ ಹೇಳಿ, ನೋಡದೆಯೇ ಕೊಳ್ಳುತ್ತೇನೆಂದು ಒಂದು ಚೌಕದ ಚಿತ್ರ ಕಳುಹಿಸಿದ. ಅದನ್ನು ಒತ್ತಿದರೆ ಹಣ ಬರುತ್ತದಂತೆ. ಅಂಥ ಚೌಕವನ್ನು ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲವೆಂದು ಮೊಮ್ಮಗಳು ಮೊದಲೇ ಎಚ್ಚರಿಸಿದ್ದಳು. ಅವನಿಂದ ಪಾರಾದೆ. ಎರಡನೆಯವರು ನರಸೀಪುರದ ಆಚೆಯ ಒಂದು ಹಳ್ಳಿಯವರು. ಬೆಲೆ ಇಳಿಸಲು ಕೇಳಲಿಲ್ಲ. "ಭಾನುವಾರ ಬಂದು ನೋಡ್ತೀನಿ ಮೇಷ್ಟ್ರೆ" ಎಂದರು.

ಬಂದರು. ಐವತ್ತರ ಹತ್ತಿರದ ವಯಸ್ಸು, ಬುಟ್ಟಿ ಮೊರ ಹೆಣೆಯುವ ಕಸುಬು. ಮಗ ಎಂಟನೆಯ ತರಗತಿ. ಶಾಲೆಯ ಕ್ರೀಡಾಕೂಟದಲ್ಲಿ ಯಾರೋ ಬಿಲ್ಲು ಹಿಡಿದದ್ದನ್ನು ನೋಡಿ ಅಂದಿನಿಂದ ಬಿಡದೆ ಕಾಡುತ್ತಿದ್ದಾನಂತೆ. ಎರಡು ಬಸ್ಸು ಹಿಡಿದು ಬಂದಿದ್ದರು. ಹಣವನ್ನು ಎಣಿಸಿ, ಮಡಿಸಿ, ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ನಾನು ಬಿಲ್ಲನ್ನು ತಂದು ಜಗಲಿಯ ಮೇಲಿಟ್ಟೆ, ಕಾಫಿ ಬಂತು. ಅವರು ಮಳೆಯ ಮಾತಾಡಿದರು, ಒಳ್ಳೆಯ ಬಿದಿರು ಈಗ ಸಿಗುವುದಿಲ್ಲವೆಂದರು. ಗೀರಿನ ವಿಷಯವನ್ನು ಈಗ ಹೇಳುತ್ತೇನೆ, ಕಾಫಿ ಮುಗಿಯಲಿ ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ. ಕಾಫಿ ಮುಗಿಯಿತು. ಅವರು ಬಿಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣಿನಿಂದ ನೋಡದೆ, ಹೆಬ್ಬೆರಳನ್ನು ಮೇಲಿನ ಕೊಪ್ಪಿನಿಂದ ಮೆಲ್ಲನೆ ಎಳೆಯುತ್ತ ಬಂದರು. ಕೆಳಗಿನ ಗೆಣ್ಣಿನ ಬಳಿ ಬೆರಳು ನಿಂತಿತು. ಮತ್ತೊಮ್ಮೆ ಹಿಂದೆ ಹೋಗಿ ಅಲ್ಲಿಗೇ ಬಂದು ನಿಂತಿತು.

"ಇದು ನಿಮಗೆ ಗೊತ್ತಿತ್ತಾ ಮೇಷ್ಟ್ರೆ?"

"ಗೊತ್ತಿತ್ತು" ಎಂದೆ.

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಕೈ ಆಡಿಸುವ ಮುಂಚೆಯೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಚಿತ್ರ ಎಲ್ಲಾ ಒಂದೇ ಕಡೆಯಿಂದ ಇದ್ದವು" ಎಂದರು. ಕೋಪವಿಲ್ಲದ ಆ ಮಾತನ್ನು ಕೇಳುವುದಕ್ಕಿಂತ ಎರಡು ಬೈಗುಳ ಕೇಳಿದ್ದರೆ ಚೆನ್ನಾಗಿತ್ತು. ನಾನು ಬಣ್ಣ ಬಿಟ್ಟಿರಬಹುದೆಂದು ತಿಳಿದಿದ್ದೆ ಎಂದು ತೊದಲಿದೆ. ಅವರು ವಾದಿಸಲಿಲ್ಲ. ಆ ತೋಳನ್ನು ಹಿಡಿಯಿಂದ ಬಿಚ್ಚಿ, ಅಂಗಳಕ್ಕೆ ಇಳಿದು, ಒಂದು ತುದಿಯನ್ನು ಕಲ್ಲಿನ ಮೇಲಿಟ್ಟು ಪಾದದಿಂದ ಅದುಮಿದರು. ಬಿದಿರು ಆ ಗೀರಿನಲ್ಲಿಯೇ ಸೀಳಿ, ಗೇಣುದ್ದದ ಚೂರಿಯಂಥ ಸಿಬಿರು ಸಿಡಿದು ನಾಲ್ಕು ಮಾರು ದೂರದ ಬಾಳೆಯ ಬುಡದಲ್ಲಿ ಬಿತ್ತು. ಹೆದೆಯನ್ನು ಸೆಳೆದಾಗ ಮಗುವಿನ ಕೆನ್ನೆ ಎಲ್ಲಿರುತ್ತದೆ, ಕಣ್ಣು ಎಲ್ಲಿರುತ್ತದೆ ಎಂಬುದನ್ನು ಎರಡು ವರ್ಷ ಮೊಮ್ಮಗಳ ಅಭ್ಯಾಸ ನೋಡಿದವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನಾನು ಬಸ್ಸಿನ ಖರ್ಚನ್ನಾದರೂ ಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ. ಹಿಡಿಯನ್ನೂ ಗಟ್ಟಿಯಾಗಿದ್ದ ಮೇಲಿನ ತೋಳನ್ನೂ ಕೇಳಿದರು. "ಅಳತೆಗೆ ಇರಲಿ. ಇದನ್ನ ನೋಡ್ಕೊಂಡು ನಾನೇ ಒಂದು ಜೊತೆ ತೋಳು ಸೀಳ್ತೀನಿ. ಬಿದಿರು ಆರಬೇಕು, ಅವಸರ ಇಲ್ಲ" ಎಂದರು. ಸುಮ್ಮನೆ ತೆಗೆದುಕೊಂಡು ಹೋಗಿ ಎಂದರೆ, ಬಿಟ್ಟಿ ಬಂದದ್ದು ಕೈಗೆ ಹತ್ತುವುದಿಲ್ಲವೆಂದು ನೂರು ರೂಪಾಯಿನ ಒಂದು ನೋಟನ್ನು ಲೋಟದ ಕೆಳಗಿಟ್ಟರು. ನಾನು ಒಳಗಿನಿಂದ ಒಂದು ಹಾಳೆ ತಂದು ಬರೆದೆ: ಮೊದಲು ಒಬ್ಬ ಹುಡುಗಿ 3 ವರ್ಷ ಬಳಸಿದ್ದು, ಆಮೇಲೆ ನನ್ನ ಮೊಮ್ಮಗಳು 2 ವರ್ಷ, ಒಮ್ಮೆ ಮಳೆಯಲ್ಲಿ ನೆನೆದದ್ದು, ಯುಗಾದಿಯ ದಿನ ಅಂಬಿಲ್ಲದೆ ಹತ್ತು ಹನ್ನೆರಡು ಸಲ ಬಿಟ್ಟದ್ದು, ಕೆಳಗಿನ ತೋಳು ಸೀಳಿದ್ದು. ಕೆಳಗೆ ಸಹಿ ಹಾಕಿದೆ. ಅವರು ಅದನ್ನು ಪೂರ್ತಿ ಓದಿ, ನಾಲ್ಕಾಗಿ ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ನರಸೀಪುರದ ಬಸ್ಸಿಗೆ ಹೊರಟರು.

ಅಂದು ಸಂಜೆ ಜಾಹೀರಾತನ್ನು ತೆಗೆಯಲು ಹೋದಾಗ ಫೋನು ಒಂದು ಪ್ರಶ್ನೆ ಕೇಳಿತು: 'ವಸ್ತು ಮಾರಾಟವಾಯಿತೆ?' ಹೌದು, ಇಲ್ಲ ಎಂಬ ಎರಡೇ ಉತ್ತರಗಳಿದ್ದವು. ಬಹಳ ಹೊತ್ತು ನೋಡಿ, 'ಇಲ್ಲ' ಎಂಬುದನ್ನು ಒತ್ತಿದೆ.