ಬೇರೆ ಲೋಟ ಇಡಬೇಡಿರಿ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ವಿಷಯವನ್ನು ನಾವು ಪ್ರತಿ ಸಭೆಯಲ್ಲಿಯೂ ಮಾತಾಡುತ್ತೇವೆ. ಇಂದು ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವನ್ನು ಎತ್ತಬೇಕಾಗಿದೆ. ಅದು ಬಾಯಿಯ ಕ್ಯಾನ್ಸರ್.

ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು, ಹೋಟೆಲಿನಲ್ಲಿ ಹೊತ್ತು ಮೀರಿದ ಹಸಿವನ್ನು ಅಡಗಿಸಲು ಹೊಗೆಸೊಪ್ಪನ್ನು ದವಡೆಗಿಟ್ಟುಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ಮುಂಬಯಿಯ ಗಿರಣಿಗಳು ಹೆಚ್ಚಿನವು ಮುಚ್ಚಿದವು. ಈ ಚಟ ಮಾತ್ರ ಮುಚ್ಚಲಿಲ್ಲ. ಮಹಾರಾಷ್ಟ್ರ ಸರಕಾರ 2012ರಲ್ಲಿ ಗುಟಕಾವನ್ನು ನಿಷೇಧಿಸಿತು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆಂಬುದು ಈಗ ಸಿದ್ಧವಾದ ಮಾತು. ಆದರೆ ಇಂದಿನ ಪ್ರಶ್ನೆ ಚಟದ್ದಲ್ಲ. ರೋಗ ಬಂದವನೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು.

ಶಸ್ತ್ರಕ್ರಿಯೆಯಾದವನ ಮುಖ ಬದಲಾಗಬಹುದು. ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಒಂದು ಬಟ್ಟಲು ಗಂಜಿ ಕುಡಿಯುವುದೂ ದೊಡ್ಡ ಕೆಲಸವಾಗುತ್ತದೆ. ಇಷ್ಟನ್ನು ಅವನು ಸಹಿಸಿಯಾನು. ಸಹಿಸಲಾಗದ್ದು ಸುತ್ತಲಿನವರು ಕೊಡುವ ಶಿಕ್ಷೆ. ಖೋಲಿಯಲ್ಲಿ ಅವನಿಗೆ ಬೇರೆ ಲೋಟ. ಊಟಕ್ಕೆ ದೂರದ ಮೂಲೆ. “ಗಿರಾಕಿಗಳು ಅಸಹ್ಯಪಡುತ್ತಾರೆ” ಎಂದು ಧಣಿ ಲೆಕ್ಕ ಮುಗಿಸುತ್ತಾನೆ. “ತಿಂದವನು ಅನುಭವಿಸಲಿ” ಎನ್ನುವವರೂ ಉಂಟು. ಕನ್ನಡಿ ನೋಡದೆ, ಯಾರ ಕಣ್ಣಿಗೂ ಬೀಳದೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ.

ಬಂಧುಗಳೇ, ಕ್ಯಾನ್ಸರ್ ಲೋಟದಿಂದಾಗಲಿ ಮುಟ್ಟುವುದರಿಂದಾಗಲಿ ಅಂಟುವ ರೋಗವಲ್ಲ. ಬೇರೆ ಲೋಟ ಇಟ್ಟರೆ ಯಾರ ಜೀವವೂ ಉಳಿಯುವುದಿಲ್ಲ, ಜೀವ ಹೋಗಬಹುದು. ಹೇಗೆಂದರೆ, ಈ ಅವಮಾನವನ್ನು ಕಂಡ ಇನ್ನೊಬ್ಬನು ತನ್ನ ಬಾಯಿಯ ಹುಣ್ಣನ್ನು ಬಚ್ಚಿಡುತ್ತಾನೆ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಕಲೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವು ಕಂಡರೆ ಕೂಡಲೇ ಡಾಕ್ಟರರಿಗೆ ತೋರಿಸಬೇಕು. ಮೊದಲಲ್ಲಿ ಹಿಡಿದರೆ ಗುಣವಾಗುವ ಸಂಭವ ಹೆಚ್ಚು. ಬಚ್ಚಿಟ್ಟು ಕೊರಳಿನ ಗಂಟಿಗಿಳಿದ ಮೇಲೆ ಕಷ್ಟ.

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಗಿರಣಿಗಳ ನಡುವೆಯೇ ತೆರೆಯಿತು. ಅಲ್ಲಿ ಡಾಕ್ಟರರಲ್ಲದೆ ಸಮಾಜ ಸೇವಾ ವಿಭಾಗವೂ ಇದೆ. ಹಣದ ನೆರವು, ವಸತಿ, ಮನೆಯವರ ತೊಂದರೆ, ಎಲ್ಲವನ್ನೂ ಅಲ್ಲಿ ಕೇಳಬಹುದು. ಮಾತಾಡುವುದನ್ನೂ ನುಂಗುವುದನ್ನೂ ಮತ್ತೆ ಕಲಿಸುವವರಿದ್ದಾರೆ. ಮನಸ್ಸು ಕುಗ್ಗಿದವರಿಗಾಗಿ ಸರಕಾರ 2022ರಲ್ಲಿ ಟೆಲಿ ಮಾನಸ್ ಆರಂಭಿಸಿತು. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೂ ಮಾತಾಡಬಹುದು, ದುಡ್ಡಿಲ್ಲ. ಆದರೆ ಚೀಟಿ ಹಿಡಿದು ಒಬ್ಬನೇ ನಿಂತವನಿಗೆ ಈ ಬಾಗಿಲುಗಳು ಕಾಣಿಸುವುದಿಲ್ಲ. ತೋರಿಸುವವರು ಬೇಕು.

ಅದಕ್ಕಾಗಿ ನಾವು ನಾಲ್ಕು ಕೆಲಸ ಮಾಡೋಣ. ಆಸ್ಪತ್ರೆಯ ದಿನ ಸರದಿಯಂತೆ ಒಬ್ಬರು ರೋಗಿಯ ಜೊತೆಗೆ ಹೋಗುವುದು. ಅವರ ಪಾಳಿಯನ್ನು ಉಳಿದವರು ನೋಡಿಕೊಳ್ಳುವುದು. ಬಡಿಸಲು ಆಗದವನಿಗೆ, ಅವನು ಒಪ್ಪಿದರೆ, ಉಗ್ರಾಣದ್ದೋ ತರಕಾರಿ ಹೆಚ್ಚುವುದೋ ಬೇರೆ ಕೆಲಸ ಕೊಡುವಂತೆ ಧಣಿಗಳೊಡನೆ ಸಂಘ ಮಾತಾಡುವುದು. ಊರಿನಲ್ಲಿರುವ ಅವನ ಹೆಂಡತಿಗೆ ವಾರಕ್ಕೊಮ್ಮೆ ಸುದ್ದಿ ಮುಟ್ಟಿಸುವುದು. ಅವನು ತೊದಲಿ ಮಾತಾಡುವಾಗ ಮಧ್ಯೆ ಬಾಯಿ ಹಾಕದೆ ಕಾಯುವುದು. ಆಗದಿದ್ದರೆ ಕಾಗದ, ಪೆನ್ಸಿಲು ಕೊಡುವುದು. ಈ ಕೊನೆಯದಕ್ಕೆ ಕಾಸು ಬೇಡ, ತಾಳ್ಮೆ ಸಾಕು.

ಸರದಿಯ ಪಟ್ಟಿ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ವಾರದ ರಜೆ ಯಾವ ದಿನವೆಂದು ಹೇಳಿ, ಹೋಗುವ ಮುನ್ನ ಹೆಸರು ಬರೆಸಿರಿ.