ಬಿಗ್ ಬ್ಯಾಂಡ್ ಜಾಸ್ ಮತ್ತು ನಮ್ಮ ಕಿವಿ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮದುವೆಯ ಮೆರವಣಿಗೆಗಳಲ್ಲಿ ಬ್ಯಾಂಡಿನ ಟ್ರಂಪೆಟ್ಟನ್ನೂ ಕ್ಲಾರಿನೆಟ್ಟನ್ನೂ ನಾವು ಸಂತೋಷದಿಂದಲೇ ಕೇಳುವೆವು. ಅದೇ ಜಾತಿಯ ವಾದ್ಯಗಳಿಂದಾದ ಅಮೆರಿಕದ ಬಿಗ್ ಬ್ಯಾಂಡ್ ಜಾಸ್ ಮಾತ್ರ ನಮ್ಮಲ್ಲಿ ಹಲವರಿಗೆ ಬರಿಯ ಗದ್ದಲವೆಂದು ತೋರುವುದುಂಟು. ಈ ಅಭಿಪ್ರಾಯವು ವಿಚಾರಾರ್ಹವಾದುದು.

ಅಂತಹ ಮೇಳದಲ್ಲಿ ಸಾಮಾನ್ಯವಾಗಿ 17 ಮಂದಿ: 5 ಸ್ಯಾಕ್ಸೊಫೋನು, 4 ಟ್ರಂಪೆಟ್ಟು, 4 ಟ್ರೊಂಬೋನು, ಇವುಗಳ ಬೆನ್ನಿಗೆ ಪಿಯಾನೊ, ಗಿಟಾರು, ಡಬಲ್ ಬಾಸು, ಡ್ರಮ್ಮು. ಒಂದು ಗುಂಪು ಪ್ರಶ್ನಿಸಿದರೆ ಇನ್ನೊಂದು ಉತ್ತರಿಸುವುದು. ಮೇಳವು ಬರೆದಿಟ್ಟ ಪಾಠವನ್ನು ನುಡಿಸುತ್ತಿರಲು, ಒಬ್ಬನು ಎದ್ದು ನಿಂತು ಆ ಕ್ಷಣದಲ್ಲಿ ಹೊಳೆದುದನ್ನು ನುಡಿಸುವನು. ಅಲ್ಲಿ ರಾಗದ ಕಟ್ಟಿಲ್ಲ, ನಿಜ. ಆದರೆ ಕೃತಿಯ ನಡುವೆ ಕಲ್ಪನಾಸ್ವರಕ್ಕೆ ಎಡೆಗೊಡುವ ನಮಗೆ ಈ ಧರ್ಮವು ಅಪರಿಚಿತವೇ?

ಈ ಬಾಂಧವ್ಯವು ಬರಿಯ ಊಹೆಯಲ್ಲ. 1950ರ ದಶಕದಲ್ಲಿ ಸ್ಟ್ಯಾನ್ ಕೆಂಟನ್ನರ ಬಿಗ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ಮರಿಯಾನೊ ಅವರು, 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನವರೊಡನೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಅದರಲ್ಲಿ ಆರ್. ಎ. ರಮಾಮಣಿಯವರ ಕಂಠವೂ ಟಿ. ಎ. ಎಸ್. ಮಣಿಯವರ ಮೃದಂಗವೂ ಸ್ಯಾಕ್ಸೊಫೋನಿಗೆ ಸರಿಸಮನಾಗಿ ಮಾತನಾಡುವುವು. ಮುಂದೆ ಜರ್ಮನಿಯ ಕಲೋನ್ ನಗರದ ರೇಡಿಯೋ ಸಂಸ್ಥೆಯ ಬಿಗ್ ಬ್ಯಾಂಡೇ ಈ ಬೆಂಗಳೂರಿನವರೊಡನೆ ನುಡಿಸಿತು.

ಕಛೇರಿಯು ಮುಗಿದರೆ ಮುಗಿಯಿತು; ಧ್ವನಿಮುದ್ರಿಕೆಯು ಕರೆದಾಗಲೆಲ್ಲ ಬರುವುದು. ಆದುದರಿಂದ ಅದನ್ನು ಮೂರು ಸಲ ಕೇಳೋಣ. ಮೊದಲು ಲಯವನ್ನು ಹಿಡಿಯೋಣ; ಆಮೇಲೆ ಗುಂಪುಗಳ ಸಂವಾದವನ್ನು; ಕಡೆಗೆ ಒಂಟಿ ವಾದಕನ ಮನೋಧರ್ಮವನ್ನು. ಬಳಿಕವೂ ಗದ್ದಲವೆಂದೇ ತೋರಿದರೆ ಬಿಟ್ಟುಬಿಡೋಣ. ಕೇಳದೆಯೇ ತೀರ್ಪು ಕೊಡುವುದು ಮಾತ್ರ ರಸಿಕರಿಗೆ ಒಪ್ಪುವುದಿಲ್ಲ. ಪರರ ಸಂಗೀತಕ್ಕೆ ಕಿವಿಗೊಟ್ಟವರು ತಮ್ಮ ಸಂಗೀತವನ್ನು ಕಳೆದುಕೊಳ್ಳರು. ಅದನ್ನು ಹೊಸತಾಗಿ ಕೇಳಬಲ್ಲರು.